ಪಾಲಿಗೆ ಬಂದ ಎರಡು ಗಾಲಿ

ಲಿಮ್ವಾಲು, ಕ್ವಿಬೆಕ್ ನಗರ
೨೮ ಅಕ್ಟೋಬರ್ ೧೯೯೬

ರೇಜಾನ್,

ಫೋನಿನಲ್ಲಿ ಮಾತಾಡಿದರೆ ಮೂರನೇ ಮಾತಿಗೇ ನಾವಿಬ್ಬರೂ ಕಿರುಚಾಡುತ್ತೇವೆ, ಮಗುವಿನ ವಿಷಯ ಏನಿದ್ದರೂ ಇನ್ನು ಮೇಲೆ ಬರೆದು ತಿಳಿಸಿ ಎಂದು ಮಧ್ಯಸ್ಥಿಕೆಯ ಮದಾಂ ಪೆಲ್ಶಾ ಹೇಳಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ನಿನಗೆ ಪತ್ರ ಬರೆಯುವ ಉಮೇದು ಹೊಸದಾಗಿ ಹುಟ್ಟಿದೆ ಎಂದುಕೊಳ್ಳಬೇಡ.

ನಿನ್ನೆ ನಿನ್ನ ಹತ್ತಿರದಿಂದ ಬಂದ ಮಾರಿಲೂ ಊಟ ಮಾಡುತ್ತಾ ಹೇಳಿದಳು: "ಅಮ್ಮಾ, ತಾತನ ಕಾರಿಗೆ ನಾಲ್ಕು ಕಾಲಕ್ಕೂ ಆಗೋ ಟೈರಂತೆ. ಚಳಿಗಾಲಕ್ಕೆ ಬೇರೆ ಹಾಕ್ಸೋದೇ ಬೇಡ್ವಂತೆ. ಅಪ್ಪ ಹೇಳಿದ." ಎಂಟು ವರ್ಷದ ಮಗು ನಿನ್ನ ಮಾತನ್ನು ವೇದವಾಕ್ಯ ಎಂದು ನಂಬಿದೆ. ನಾನು ನಂಬುವುದಿಲ್ಲ. ನಾಲ್ಕು ಕಾಲ ಇರುವ ಊರಿಗೆ ಆ ಟೈರು ಸರಿ. ನಮ್ಮಲ್ಲಿ ಇರುವುದು ಚಳಿಗಾಲ, ಮತ್ತೆ ಜುಲೈ. ನಮ್ಮೆರಡು ಊರಿನ ನಡುವಿನ ಪಾರ್ಕಿನ ಕಾಡುದಾರಿಯಲ್ಲಿ ಮನೆಯಿಲ್ಲ ಮಠವಿಲ್ಲ, ಎದುರಿಗೆ ಮರದ ದಿಮ್ಮಿಯ ಲಾರಿಗಳು. ಎರಡು ವಾರಕ್ಕೊಮ್ಮೆ ಆ ದಾರಿಯಲ್ಲಿ ನೀನು ಓಡಿಸುವ ಅರ್ಧವನ್ನು ನನ್ನ ಮಗಳು ಆ ಟೈರುಗಳ ಮೇಲೆ ದಾಟುವುದು ನನಗೆ ಒಪ್ಪಿಗೆಯಿಲ್ಲ.

ನವೆಂಬರ್ ೨೨ರ ಭೇಟಿಯ ಹೊತ್ತಿಗೆ ನಿನ್ನ ಕಾರಿಗೆ ನಿಜವಾದ ಚಳಿಗಾಲದ ಟೈರು ಇರಬೇಕು. ಇಲ್ಲದಿದ್ದರೆ ದಾರಿಮಧ್ಯದ ಹೋಟೆಲಿನಲ್ಲಿ ಮಗುವನ್ನು ನಿನ್ನ ಕೈಗೆ ಕೊಡುವುದಿಲ್ಲ, ನ್ಯಾಯಾಧೀಶರಿಗೆ ಬರೆಯುತ್ತೇನೆ.

ಜಿನೆಟ್


ಲಾ ಬೇ
೨ ನವೆಂಬರ್ ೧೯೯೬

ಜಿನೆಟ್,

ಪತ್ರ ತಲುಪಿತು. ನ್ಯಾಯಾಧೀಶರು ನಿನ್ನ ಚೀಲದಲ್ಲೇ ಇರುತ್ತಾರೆ ಎಂದು ಕಾಣುತ್ತದೆ, ಬಾಯಿ ತೆರೆದರೆ ಹೊರಗೆ ಬರುತ್ತಾರೆ.

ಅಪ್ಪ ತೀರಿಕೊಳ್ಳುವ ಹಿಂದಿನ ವರ್ಷ ಆ ಟೈರು ಹಾಕಿಸಿದ್ದರು. ನೆಲ ಹಿಡಿಯುವ ಗೀರು ಇನ್ನೂ ಆಳವಾಗಿಯೇ ಇದೆ. ರಸ್ತೆಗೆ ದಿನಾ ಉಪ್ಪು ಸುರಿಯುತ್ತಾರೆ. ನಾನು ಈ ದಾರಿಯಲ್ಲಿ ಹದಿನೆಂಟನೇ ವಯಸ್ಸಿನಿಂದ ಓಡಿಸುತ್ತಿದ್ದೇನೆ, ನನ್ನ ಮಗಳು ಹಿಂದೆ ಕೂತಾಗ ಹೇಗೆ ಓಡಿಸಬೇಕೆಂದು ನನಗೆ ಪಟ್ಟಣದಿಂದ ಪಾಠ ಬೇಡ. ಜುಲೈ ನೆರೆಯಲ್ಲಿ ಮನೆ ಹೋಯಿತು, ನನ್ನ ಟ್ರಕ್ಕು ಹೋಯಿತು, ಆಮೇಲೆ ನೀನೂ ಹೋದೆ. ಉಳಿದದ್ದು ಎರಡು ವಾರಕ್ಕೊಮ್ಮೆ ಬರುವ ಮಾರಿಲೂ ಒಬ್ಬಳೇ. ಅದನ್ನೂ ಟೈರಿನ ನೆಪದಲ್ಲಿ ಕಿತ್ತುಕೊಳ್ಳಬೇಕೆಂದಿದ್ದರೆ ನೇರವಾಗಿ ಹೇಳು.

ಹಿತ್ತಲಿನ ಶೆಡ್ಡು ಮಾತ್ರ ಎತ್ತರದಲ್ಲಿದ್ದುದರಿಂದ ನಿಂತಿದೆ. ಅದರಲ್ಲಿ ನಿನಗೆ ಸೇರಿದ್ದು ಸ್ವಲ್ಪ ಇದೆ. ಬೇಕಾದರೆ ಕೇಳು.

ರೇಜಾನ್


ಲಿಮ್ವಾಲು
೬ ನವೆಂಬರ್

ರೇಜಾನ್,

ಆ ಶೆಡ್ಡಿನಿಂದ ನನಗೆ ಒಂದು ಮೊಳೆಯೂ ಬೇಡ. ಹಳೇ ಸಾಮಾನು ತೋರಿಸಿ ನನ್ನನ್ನು ಆ ಊರಿಗೆ ಎಳೆಯುವ ಆಟ ಬಿಡು. ಅಲ್ಲಿ ಅಡುಗೆಮನೆ ಇದ್ದ ಜಾಗದಲ್ಲಿ ನದಿ ಹರಿದದ್ದನ್ನು ನೋಡಿದ್ದೇನೆ, ಸಾಕು.

ನಾನು ಕೇಳಿದ್ದು ಟೈರು. ಉತ್ತರ ಬರಲಿಲ್ಲ. ಶುಕ್ರವಾರ, ಎಂಟನೇ ತಾರೀಖು, ಹವಾಮಾನ ಚೆನ್ನಾಗಿರುತ್ತದೆ ಎಂದು ರೇಡಿಯೋದಲ್ಲಿ ಹೇಳಿದ್ದಾರೆ, ಆದ್ದರಿಂದ ಈ ಸಲ ಕಳಿಸುತ್ತೇನೆ. ಇಪ್ಪತ್ತೆರಡರ ಮಾತಿಗೆ ಬದಲಾವಣೆಯಿಲ್ಲ.

ಜಿನೆಟ್


ಲಾ ಬೇ
೧೧ ನವೆಂಬರ್

ಜಿನೆಟ್,

ನಿನ್ನೆ ಹೋಟೆಲಿನ ಅಂಗಳದಲ್ಲಿ ಹಗುರವಾಗಿ ಹಿಮ ಬೀಳುತ್ತಿತ್ತು. ನೀನು ಮಾರಿಲೂಗೆ ಬಟಾಣಿ ಸೂಪು ತರಲು ಒಳಗೆ ಹೋದೆ. ನಾನು ಅವಳ ಚೀಲವನ್ನು ನಿನ್ನ ಡಿಕ್ಕಿಗೆ ಹಾಕಿ, ಬಗ್ಗಿ ನಿನ್ನ ಗಾಲಿ ನೋಡಿದೆ. ಅಪ್ಪನ ಟೈರಿನ ಮೇಲೆ ಇರುವ ಅಕ್ಷರಗಳೇ ನಿನ್ನದರ ಮೇಲೂ ಇವೆ. ನಾಲ್ಕು ಕಾಲದವು. ಅದೂ ನನ್ನವಕ್ಕಿಂತ ಸವೆದವು.

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಪಾರ್ಕಿನ ನಿನ್ನ ಅರ್ಧದಲ್ಲಿ ಹಿಮವೇ ಬೀಳುವುದಿಲ್ಲವೇ? ನೀನು ಯಾವತ್ತೂ ನನಗಿಂತ ಜಾಗರೂಕಳು, ಪಟ್ಟಣಕ್ಕೆ ಹೋದ ಕೂಡಲೇ ಹೊಸ ಟೈರು ಹಾಕಿಸಿರುತ್ತೀ ಎಂದು ನಾನು ತಿಳಿದಿದ್ದೆ. ಕೇಳಲೂ ಇಲ್ಲ.

ಈಗ ಬಿಡಿಸಿ ಹೇಳುತ್ತೇನೆ. ಶೆಡ್ಡಿನಲ್ಲಿ ಇರುವುದು ಈಗ ನಿನ್ನಲ್ಲಿರುವ ನಮ್ಮ ಕಾರಿನ ಚಳಿಗಾಲದ ನಾಲ್ಕು ಗಾಲಿ. ಏಪ್ರಿಲಿನಲ್ಲಿ ಬಿಚ್ಚಿ, ಸೀಮೆಸುಣ್ಣದಲ್ಲಿ ಎಂದಿನಂತೆ ಮುಂದೆ, ಹಿಂದೆ ಎಂದು ಬರೆದು ಜಂತಿಗೆ ನೇತುಹಾಕಿದ್ದೆನಲ್ಲ, ಅವು. ಇಡೀ ಮನೆಯಲ್ಲಿ ನೀರು ಮುಟ್ಟದೆ ಉಳಿದ ಸಾಮಾನು ಅದೊಂದೇ. ಅಪ್ಪನ ಕಾರಿಗೂ ಅವು ಕೂರುತ್ತವೆ, ಅಳತೆ ಒಂದೇ. ಆದರೆ ಕಾರು ಮತ್ತು ಅದಕ್ಕೆ ಸೇರಿದ್ದೆಲ್ಲ ನಿನಗೆ ಎಂದು ನಾವು ಬೇರೆಯಾದ ಕಾಗದದಲ್ಲಿ ಬರೆದಿದೆ. ನಿನ್ನದನ್ನು ಕೇಳದೆ ಮುಟ್ಟುವವನು ನಾನಲ್ಲ.

ರೇಜಾನ್


ಲಿಮ್ವಾಲು
೧೪ ನವೆಂಬರ್

ರೇಜಾನ್,

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ "ನಿನಗೆ ಸೇರಿದ್ದು ಸ್ವಲ್ಪ ಇದೆ" ಎಂದು ಬರೆದರೆ ಯಾರಿಗೆ ತಿಳಿಯುತ್ತದೆ? ಟೈರು ಎಂದು ಬರೆಯಲು ನಿನ್ನ ಕೈಗೆ ಏನಾಗಿತ್ತು? ಗಾಲಿಗಳೂ ನೆರೆಯ ಪಾಲಾಗಿವೆ ಎಂದುಕೊಂಡಿದ್ದೆ. ಹೊಸದು ಕೊಳ್ಳುವ ಶಕ್ತಿ ಈ ವರ್ಷ ನಿನಗೂ ಇಲ್ಲ, ನನಗೂ ಇಲ್ಲ, ಅದನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ನನ್ನ ಟೈರಿನ ವಿಷಯ ನಿನಗೆ ಗೊತ್ತಾಗಿದ್ದಕ್ಕೆ ನಾಚಿಕೆಯಾಗಿದೆ. ಹಾಗಂತ ನಿನ್ನದು ಸರಿಯಾಗುವುದಿಲ್ಲ.

ಮದಾಂ ಪೆಲ್ಶಾ ಅವರನ್ನು ಕೇಳಿದೆ. ಅವರು ಕಾರು ಓಡಿಸುವವರಲ್ಲ, ಬಸ್ಸಿನಲ್ಲೇ ತಿರುಗುತ್ತಾರೆ. ಒಂದು ಕ್ಷಣವೂ ಯೋಚಿಸಲಿಲ್ಲ. "ನಾಲ್ಕಿವೆ, ನೀವಿಬ್ರು. ಎರಡೆರಡು ಹಂಚ್ಕೊಂಡ್ರೆ ಆಯ್ತಲ್ಲ, ಇದಕ್ಕೂ ಜಗಳಾನಾ?" ಎಂದರು. ಮೊದಲು ನಗು ಬಂತು. ಆಮೇಲೆ ನಿನ್ನ ಅಪ್ಪನ ಮಾತು ನೆನಪಾಯಿತು. ಎಂಜಿನ್ನು ತಿರುಗಿಸುವ ಗಾಲಿಗೆ ಹಿಡಿತ ಇದ್ದರೆ ಸಾಕು ಎನ್ನುತ್ತಿದ್ದರಲ್ಲ. ಎರಡು ಕಾರಿನಲ್ಲೂ ಎಂಜಿನ್ನು ತಿರುಗಿಸುವುದು ಮುಂದಿನ ಗಾಲಿಗಳನ್ನೇ. ಆದ್ದರಿಂದ ನನಗೆರಡು, ನಿನಗೆರಡು. ಇಪ್ಪತ್ತೆರಡಕ್ಕೆ ತಂದುಕೊಡು. ಯಾರೂ ಯಾರಿಗೂ ಋಣಿಯಾಗುವುದು ಬೇಡ.

ಜಿನೆಟ್


ಲಾ ಬೇ
೧೮ ನವೆಂಬರ್

ಜಿನೆಟ್,

ಆಗಲಿ. ಅಪ್ಪ ಎಷ್ಟೋ ವರ್ಷ ಚಳಿಗಾಲಕ್ಕೆ ಎರಡೇ ಹಾಕಿದವರು. ನನ್ನೆರಡು ಇವತ್ತೇ ಹಾಕಿದೆ. ನಿನ್ನೆರಡು ತರುತ್ತೇನೆ. ನಟ್ಟುಗಳನ್ನು ಬೇರೆ ಕಟ್ಟಿ ಮಾರಿಲೂ ಕೈಯಲ್ಲಿ ಕೊಡುತ್ತೇನೆ. ಹಾಕಿಸಿ ಸ್ವಲ್ಪ ದೂರ ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿ ಮಾಡಬೇಕು, ಮರೆಯಬೇಡ.

ನಮ್ಮಮ್ಮನಿಗೆ ಈ ಹಂಚಿಕೆ ಹೇಳಿದೆ. ಬಾಣಲೆ ಕೆಳಗಿಟ್ಟು ನನ್ನನ್ನೇ ನೋಡಿದರು. "ಆ ಮಗೂನೂ ಹಿಂಗೇ ಮಧ್ಯಕ್ಕೆ ಕೊಯ್ದುಬಿಡ್ರೋ" ಎಂದರು. ವಯಸ್ಸಾಗಿದೆ, ಏನೋ ಅನ್ನುತ್ತಾರೆ.

ರೇಜಾನ್


ಲಿಮ್ವಾಲು
೨೬ ನವೆಂಬರ್

ರೇಜಾನ್,

ಗಾಲಿ ಹಾಕಿಸಿದೆ. ನೀನು ಕೊಟ್ಟ ಎರಡರ ಮೇಲೂ ನಿನ್ನ ಕೈಬರಹದಲ್ಲಿ "ಹಿಂದೆ" ಎಂದಿದೆ. ಮುಂದಿನವು ನಿನಗೆ, ಹಿಂದಿನವು ಜಿನೆಟ್‌ಗೆ. ಹತ್ತು ವರ್ಷದ ಸಂಸಾರದಲ್ಲೂ ಹೀಗೇ ಇತ್ತು, ನನಗೇನೂ ಹೊಸದಲ್ಲ. ಕೊಡುವಾಗ ಆ ಸುಣ್ಣವನ್ನಾದರೂ ಒರೆಸಿಕೊಡಬಹುದಿತ್ತು.

ಜಿನೆಟ್


ಲಾ ಬೇ
೩೦ ನವೆಂಬರ್

ಜಿನೆಟ್,

ಅದರ ಬಗ್ಗೆ ನಾನೇನೂ ಹೇಳುವುದಿಲ್ಲ. ಕಳೆದ ಎರಡು ವರ್ಷ ಏನು ಹೇಳಿದರೂ ಅದು ತಪ್ಪಾಗಿಯೇ ನಿನ್ನ ಕಿವಿಗೆ ಬಿದ್ದಿದೆ.

ಡಿಸೆಂಬರ್ ಆರಕ್ಕೆ ಮಾರಿಲೂ ಬರಲಿ, ಎಂಟಕ್ಕೆ ಹೋಟೆಲಿಗೆ ಕರೆತರುತ್ತೇನೆ. ಆಮೇಲೆ ಇಪ್ಪತ್ತಕ್ಕೆ ಬಂದರೆ ಕ್ರಿಸ್ಮಸ್ ನನ್ನ ಹತ್ತಿರ ಎಂದು ಕಾಗದದಲ್ಲಿದೆ. ಅಮ್ಮ ಈಗಿನಿಂದಲೇ ಮಾಂಸದ ಕಡುಬಿಗೆ ದೊಡ್ಡ ಮಣ್ಣಿನ ಪಾತ್ರೆ ಕೆಳಗಿಳಿಸಿದ್ದಾರೆ. ನಾನು ಮರ ಕಡಿದು ತಂದಿದ್ದೇನೆ, ಅಲಂಕಾರ ಮಾರಿಲೂ ಬಂದ ಮೇಲೆ. ಈ ಒಂದು ಕ್ರಿಸ್ಮಸ್ಸಿಗಾಗಿ ನಾನು ನವೆಂಬರ್ ಪೂರ್ತಿ ಹಲ್ಲು ಕಚ್ಚಿಕೊಂಡಿದ್ದೇನೆ.

ರೇಜಾನ್


ಲಿಮ್ವಾಲು
೯ ಡಿಸೆಂಬರ್

ರೇಜಾನ್,

ನಿನ್ನೆ ಸುಖವಾಗಿ ತಲುಪಿದೆವು. ರಸ್ತೆ ಚೆನ್ನಾಗಿತ್ತು.

ನೀನು ಮಾರಿಲೂಗೆ ಹೆಣೆಸಿಕೊಟ್ಟ ಕೈಗವಸು ಅವಳಿಗೆ ತುಂಬಾ ಇಷ್ಟವಾಗಿದೆ. ನಿಮ್ಮಮ್ಮನಿಗೆ ತಿಳಿಸು.

ಒಂದು ಮಾತು. ಮಾರಿಲೂಗೆ ಸ್ವಲ್ಪ ಕೆಮ್ಮು. ಈ ತಿಂಗಳು ಹವಾಮಾನವೂ ನೆಚ್ಚುವ ಹಾಗಿಲ್ಲ. ಕ್ರಿಸ್ಮಸ್ಸಿಗೆ ಅವಳು ಇಲ್ಲೇ ಇದ್ದರೆ ಹೇಗೆ? ಬೇಸಿಗೆಯಲ್ಲಿ ಎರಡು ವಾರ ಹೆಚ್ಚು ಇಟ್ಟುಕೋ. ಇದು ಜಗಳವಲ್ಲ, ಬರೀ ಕೇಳುತ್ತಿದ್ದೇನೆ.

ಜಿನೆಟ್


ಲಾ ಬೇ
೯ ಡಿಸೆಂಬರ್

ಜಿನೆಟ್,

ಸುಖವಾಗಿ ತಲುಪಿದೆ. ನೀವೂ ತಲುಪಿರುತ್ತೀರಿ.

ರಸ್ತೆಯಲ್ಲಿ ವಿಶೇಷವೇನಿಲ್ಲ. ನೀನು ಇಳಿಜಾರಿನಲ್ಲಿ ನಿಧಾನವಾಗಿ ಓಡಿಸುತ್ತೀಯಲ್ಲ? ಸುಮ್ಮನೆ ಕೇಳಿದೆ.

ರೇಜಾನ್


ಲಾ ಬೇ
೧೨ ಡಿಸೆಂಬರ್

ಜಿನೆಟ್,

ನಿನ್ನೆ ಬೆಳಿಗ್ಗೆ ನಿನ್ನ ಕೆಮ್ಮಿನ ಪತ್ರ ಬಂತು. ಓದಿ, ನಮ್ಮ ಕಡೆಯ ಬೈಗುಳದಂತೆ ಚರ್ಚಿನ ಪವಿತ್ರ ಬಟ್ಟಲು, ಪೆಟ್ಟಿಗೆ ಎಲ್ಲವನ್ನೂ ಬಾಯಿಗೆ ತಂದು ಬೈದೆ, ಅಮ್ಮ ಕಿವಿ ಮುಚ್ಚಿಕೊಂಡರು. ಕೊನೆಗೂ ಕ್ರಿಸ್ಮಸ್ ಕಿತ್ತುಕೊಂಡಳು, ಅದೂ ಸಿಹಿ ಮಾತಾಡಿ, ಎಂದುಕೊಂಡೆ. ಸಂಜೆ ಮಾರಿಲೂ ಎಂದಿನ ಹಾಗೆ ಫೋನು ಮಾಡಿದಳು. ಕೆಮ್ಮು ಹೇಗಿದೆ ಮಗಳೇ ಎಂದು ಕೇಳಿದೆ.

"ಯಾವ್ ಕೆಮ್ಮು? ನಂಗೇನಿಲ್ಲ. ಅಪ್ಪಾ, ಕಾರು ತಿರುಗ್ತು ಗೊತ್ತಾ? ಕೆರೆ ಹತ್ರ ಇಳಿಜಾರಲ್ಲಿ. ಬುಗುರಿ ತರ. ಮೊದ್ಲು ನಾನು ನಮ್ಮನೆ ಕಡೆ ನೋಡ್ತಿದ್ನಾ, ಆಮೇಲೆ ನೋಡಿದ್ರೆ ನಿನ್ ಕಡೆ ನೋಡ್ತಿದ್ದೆ. ಲಾರಿಯೋನು ಪೋಂ ಅಂತ ಹೋದ. ಅಮ್ಮ ಸ್ಟೇರಿಂಗ್ ಬಿಡ್ಲೇ ಇಲ್ಲ, ತುಂಬಾ ಹೊತ್ತು. ಅಪ್ಪಂಗೆ ಹೇಳ್ಬೇಡ ಅಂದ್ಳು. ನಾನು ಹೇಳ್ಲಿಲ್ಲ ಅಂತ ಹೇಳು, ಆಯ್ತಾ?"

ಫೋನು ಇಟ್ಟು, ಮದಾಂ ಪೆಲ್ಶಾ ಅವರಿಗೆ ಬರೆಯಲು ಕೂತೆ. ತಾಯಿ ಮಗುವನ್ನು ಸಾವಿನ ಬಾಯಿಗೆ ಒಯ್ದು ಅದನ್ನು ಮುಚ್ಚಿಟ್ಟಿದ್ದಾಳೆ ಎಂದು. ಪದಗಳು ತಾವಾಗಿಯೇ ಬರುತ್ತಿದ್ದವು. ಆ ಕಾಗದ ಹೋದರೆ ಮಾರಿಲೂ ನನಗೆ ಸಿಗುತ್ತಾಳೆ ಎಂದು ನನಗೆ ಗೊತ್ತಿತ್ತು. ಎರಡು ಪುಟ ಬರೆದೆ. ಆಮೇಲೆ ಒಲೆಗೆ ಹಾಕಿದೆ.

ಯಾಕೆಂದರೆ ಅದೇ ಭಾನುವಾರ, ನಿಮ್ಮನ್ನು ಬಿಟ್ಟು ಬರುವಾಗ, ನನ್ನ ಕಾರೂ ತಿರುಗಿತು. ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆ. ಬ್ರೇಕು ತುಳಿದೆ, ಮುಂದಿನ ಗಾಲಿಗಳು ಚೆನ್ನಾಗಿಯೇ ಕಚ್ಚಿದವು. ಹಿಂದಿನವಕ್ಕೆ ಆ ಹಿಡಿತ ಇಲ್ಲವಲ್ಲ, ಅವು ಬಂದ ವೇಗದಲ್ಲೇ ಪಕ್ಕಕ್ಕೆ ಸರಿದು ನನ್ನನ್ನು ದಾಟಿ ಮುಂದೆ ಹೋದವು. ಹಿಮದ ದಿಬ್ಬಕ್ಕೆ ಬಾಲ ಕೊಟ್ಟು ನಿಂತಿತು. ನಾಲ್ಕೂ ನಾಲ್ಕು ಕಾಲದವೇ ಇದ್ದಿದ್ದರೆ ಮುಂದೂ ಹಿಂದೂ ಒಟ್ಟಿಗೆ ಜಾರುತ್ತಿದ್ದವು, ನಾನೂ ಹೆದರಿ ನಿಧಾನವಾಗಿ ಹೋಗುತ್ತಿದ್ದೆ. ಎರಡಿವೆ ಎಂಬ ಧೈರ್ಯವೇ ಕೆಡಿಸಿತು. ಈ ಕಾರಿಗೆ ಮೊದಲು ಅಪ್ಪ ಬಹಳ ಕಾಲ ಓಡಿಸುತ್ತಿದ್ದದ್ದು ಹಿಂದಿನ ಗಾಲಿ ತಳ್ಳುವ ಹಳೇ ಕಾರು, ಎರಡೂ ಟೈರು ಹಾಕುತ್ತಿದ್ದದ್ದು ಹಿಂದೆ. ಆ ಮಾತನ್ನು ತಂದು ಈ ಕಾರುಗಳಿಗೆ ಅಂಟಿಸಿದ್ದು ನಾವು. ನನಗೂ ನಿನಗೂ ಇರುವ ವ್ಯತ್ಯಾಸ ಇಷ್ಟೇ, ನನ್ನ ಕಾರಿನಲ್ಲಿ ಮಾರಿಲೂ ಇರಲಿಲ್ಲ. ಭಯವಾಯಿತು ಜಿನೆಟ್. ಈಗಲೂ ಇದೆ.

ನಾಲ್ಕು ಗಾಲಿಯನ್ನು ಹಂಚುವುದಕ್ಕಾಗುವುದಿಲ್ಲ. ನಾಲ್ಕೂ ಒಂದೇ ಕಾರಿನಲ್ಲಿರಬೇಕು. ಮಗು ಹೆಚ್ಚು ದಿನ ಇರುವುದು ನಿನ್ನ ಹತ್ತಿರ, ಆದ್ದರಿಂದ ನಿನ್ನ ಕಾರಿನಲ್ಲಿ. ಇಪ್ಪತ್ತಕ್ಕೆ ನನ್ನೆರಡನ್ನೂ ಬಸ್ಸಿನಲ್ಲಿ ಹಾಕಿಕೊಂಡು ಬಂದು, ನಾನೇ ಹಾಕಿಕೊಟ್ಟು ಹೋಗುತ್ತೇನೆ. ಆಮೇಲೆ ಚಳಿಗಾಲ ಮುಗಿಯುವವರೆಗೆ ನಾನು ಪಾರ್ಕಿಗೆ ಕಾರು ಇಳಿಸುವುದಿಲ್ಲ. ಮಾರಿಲೂ ನನ್ನ ಹತ್ತಿರ ಬರುವುದು ಬಿಡುವುದು ನಿನ್ನ ಕೈಯಲ್ಲಿ. ಇದು ಬರೆಯುವುದು ನನಗೆ ಸುಲಭವಾಗಲಿಲ್ಲ.

ರೇಜಾನ್


ಲಿಮ್ವಾಲು
೧೫ ಡಿಸೆಂಬರ್

ಪ್ರಿಯ ರೇಜಾನ್,

ಮೂರು ಸಲ ಓದಿದೆ. ಮಾರಿಲೂಗೆ ನಾನು ಬೈಯಲಿಲ್ಲ, ನೀನೂ ಏನೂ ಕೇಳಬೇಡ. ಆ ಗುಟ್ಟನ್ನು ಅವಳ ತಲೆಗೆ ಹೊರಿಸಿದ್ದೇ ನನ್ನ ತಪ್ಪು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುವ ಮಾತನ್ನು ಬೇರೆಯವರ ಮನೆಗೆ ಸೇರಿದ್ದು ಎಂದುಕೊಂಡಿದ್ದೆ.

ಅವಳು ಹೇಳಿದ್ದು ನಿಜ. ಕಾರು ನಿಂತಾಗ ಮೂತಿ ನಿನ್ನ ಊರಿನ ಕಡೆಗಿತ್ತು. ಲಾರಿ ನಾವು ಸುತ್ತಿದ ಜಾಗದ ಮೇಲೇ ಹಾದುಹೋಯಿತು. ಹಿಂದಿನ ಸೀಟಿನಿಂದ ಅವಳು "ಅಮ್ಮಾ, ವಾಪಸ್ ಅಪ್ಪನ ಮನೆಗೆ ಹೋಗ್ತಿದ್ದೀವಾ?" ಎಂದು ಕೇಳಿದಳು. ಅವಳಿಗೆ ಗೊತ್ತಾಗಲೇ ಇಲ್ಲ.

ನಿನಗೆ ಯಾಕೆ ಹೇಳಲಿಲ್ಲ ಎಂದರೆ, ನೀನು ನ್ಯಾಯಾಧೀಶರಿಗೆ ಬರೆಯುತ್ತೀ ಎಂದು. ನಿನ್ನ ಜಾಗದಲ್ಲಿ ನಾನಿದ್ದರೆ ಬರೆಯುತ್ತಿದ್ದೆ. ಒಲೆಗೆ ಹಾಕುತ್ತಿರಲಿಲ್ಲ.

ಇನ್ನೊಂದು ವಿಷಯ ಎರಡು ವಾರದಿಂದ ನನ್ನಲ್ಲಿದೆ. ಇಲ್ಲಿಯ ಗ್ಯಾರೇಜಿನ ಸಿಲ್ವಿಯೋ ನಟ್ಟು ಬಿಗಿ ಮಾಡುವಾಗ ಗೀರು ನೋಡಿ, "ಹಿಂದಿನ್ ಗಾಲೀನೇ ಕೊಟ್ಟಿದಾನಲ್ಲ ನಿಮ್ಮೋನು, ಒಳ್ಳೇವನೇ. ಮುಂದಿನ್ವು ಬೇಗ ಸವೀತವೆ, ಇವು ಹೊಸದರ ಹಂಗಿವೆ" ಎಂದ. ನಿನಗೆ ಆ ಕಟುವಾದ ಪತ್ರ ಅಂಚೆಗೆ ಹಾಕಿ ಬಂದ ಮಾರನೇ ದಿನ. ನೀನೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ನಾವಿಬ್ಬರೂ ಬೇರೆಯಾದದ್ದು ನೆರೆಯಿಂದಲ್ಲ ರೇಜಾನ್, ಹೀಗೆ.

ಗಾಲಿ ತಾ. ನಾಲ್ಕನ್ನೂ ನನ್ನ ಕಾರಿಗೆ ಹಾಕು. ಆದರೆ ಹಾಕಿಕೊಟ್ಟು ಬಸ್ಸು ಹತ್ತಬೇಡ. ಕಾರನ್ನೇ ತೆಗೆದುಕೊಂಡು ಹೋಗು, ಮಾರಿಲೂ ಜೊತೆಗೆ. ಆ ಇಳಿಜಾರಿನಲ್ಲಿ ನಾನು ಸದ್ಯಕ್ಕೆ ಓಡಿಸಲಾರೆ. ನೀನು ಪೂರ್ತಿ ದಾರಿ ಓಡಿಸು, ಮಧ್ಯದಲ್ಲಿ ಯಾರೂ ಯಾರಿಗೂ ಮಗುವನ್ನು ದಾಟಿಸುವುದು ಬೇಡ. ಜನವರಿ ಐದಕ್ಕೆ ಕರೆದುಕೊಂಡು ಬಾ. ಅಲ್ಲಿಯವರೆಗೆ ನಾನು ಮದಾಂ ಪೆಲ್ಶಾ ಹಾಗೆ ಬಸ್ಸಿನಲ್ಲಿ ಓಡಾಡುತ್ತೇನೆ.

ನನಗೆ ಭಯವಿಲ್ಲ ಎಂದು ತಿಳಿಯಬೇಡ. ಭಯ ಇದ್ದೂ ಕೀಲಿ ಕೊಡುತ್ತಿದ್ದೇನೆ.

ಜಿನೆಟ್


ಲಾ ಬೇ
೨೧ ಡಿಸೆಂಬರ್

ಪ್ರಿಯ ಜಿನೆಟ್,

ತಲುಪಿದೆವು. ಈ ಸಲ ಅದು ನಿಜವಾದ ಮಾತು.

ನಿನ್ನೆ ಎದುರಿಗಿದ್ದಾಗ ಹೇಳಲು ಆಗದ್ದನ್ನು ಬರೆಯುತ್ತಿದ್ದೇನೆ. ಬಸ್ಸಿನ ಡ್ರೈವರು ನನ್ನ ಗಾಲಿಗಳನ್ನು ಸಾಮಾನಿನ ಗೂಡಿಗೆ ತಳ್ಳುತ್ತಾ, "ಇನ್ನುಳಿದ ಕಾರು ಎಲ್ಲಪ್ಪಾ?" ಎಂದು ಕೇಳಿದ. ಹೆಂಡತಿ ಹತ್ರ ಇದೆ ಎಂದುಬಿಟ್ಟೆ. ಹಳೇ ರೂಢಿ. ನಿನ್ನ ಮನೆ ಹಿಂದಿನ ಓಣಿಯಲ್ಲಿ ನಾನು ಜಾಕು ತಿರುಗಿಸುವಾಗ ನೀನು ನಟ್ಟುಗಳನ್ನು ಹಿಮದಲ್ಲಿ ಕಳೆದುಹೋಗದ ಹಾಗೆ ಕೈಗವಸಿನೊಳಗೆ ಹಿಡಿದು ನಿಂತಿದ್ದೆ. ಒಂದೊಂದಾಗಿ ಕೊಟ್ಟೆ. ನಾವಿಬ್ಬರೂ ಕಿರುಚಲಿಲ್ಲ. ನಟ್ಟುಗಳು ಬೆಚ್ಚಗಿದ್ದವು.

ನಡುವಿನ ಹೋಟೆಲಿನಲ್ಲಿ ನಿಲ್ಲಿಸಿ ನಾಲ್ಕೂ ಗಾಲಿಯ ನಟ್ಟು ಮತ್ತೆ ಬಿಗಿ ಮಾಡಿದೆ. ಮಾರಿಲೂ ಅಭ್ಯಾಸಬಲದಿಂದ ಚೀಲ ಹೆಗಲಿಗೇರಿಸಿ ಇಳಿದು, ಇನ್ನೊಂದು ಕಾರಿಗಾಗಿ ಅಂಗಳವೆಲ್ಲ ಹುಡುಕಿದಳು. ಇಲ್ಲ ಮಗಳೇ, ಇದೇ ಕಾರು ಎಂದೆ. ಅವಳು ಚೀಲವನ್ನು ವಾಪಸು ಒಳಗಿಟ್ಟ ರೀತಿಯನ್ನು ನೀನು ನೋಡಬೇಕಿತ್ತು.

ನೀನು ತಿರುಗಿದ ಕೆರೆಯ ಜಾಗ ಹೋಟೆಲಿಗಿಂತ ಮೊದಲೇ ಸಿಗುತ್ತದಲ್ಲ, ಅಲ್ಲಿ "ಅಪ್ಪಾ, ಇಲ್ಲೇ" ಎಂದು ಮೆಲ್ಲಗೆ ಹೇಳಿದ್ದಳು. ಹಿಮ ಚೆನ್ನಾಗಿಯೇ ಬೀಳುತ್ತಿತ್ತು. ವೇಗ ಇಳಿಸಿದೆ. ಹಿಂದಿನ ಗಾಲಿಗಳು ಮುಂದಿನವುಗಳ ಜಾಡಿನಲ್ಲೇ ಬಂದವು. ತಿರುವು ದಾಟಿದ ಮೇಲೆ ಅವಳು ಹಿಂದಿನ ಗಾಜಿನ ಕಡೆ ತಿರುಗಿ ಕೇಳಿದಳು:

"ಈಗ ನಾವು ಅಜ್ಜಿ ಮನೆ ಕಡೆ ನೋಡ್ತಿದ್ದೀವಿ. ಅಮ್ಮ ಯಾವ್ ಕಡೆ ನೋಡ್ತಿರ್ತಾಳೆ?"

ಅಮ್ಮನನ್ನೇ ಕೇಳು ಮಗಳೇ ಎಂದೆ. ಐದನೇ ತಾರೀಖು ಬಂದಾಗ ನೀನೇ ಅವಳಿಗೆ ಹೇಳು. ನಾನೂ ಅಲ್ಲೇ ನಿಂತಿರುತ್ತೇನೆ.

ರೇಜಾನ್